ಆಯಮ್ಮನ ಜಪಾನು

ಮೂರನೇ ಕ್ಲಾಸಿಗೆ ಆ ವಾರ ಜಪಾನಿನ ಪಾಠವಿತ್ತು. ಟೀಚರ್ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಪುಸ್ತಕದಲ್ಲಿ ಇಲ್ಲದ್ದನ್ನೂ ಹೇಳಿಕೊಡಬೇಕೆಂಬ ಹುರುಪು ಆರಿರದ ಹುಡುಗಿ. ಗೋಡೆಗೆ ದೊಡ್ಡ ಚಿತ್ರಪಟ ತೂಗುಹಾಕಿ, ಮೂವತ್ತೊಂದು ಮಕ್ಕಳನ್ನೂ ಎಬ್ಬಿಸಿ ನಿಲ್ಲಿಸಿ, "ಜಪಾನಿನಲ್ಲಿ ಒಬ್ಬರನ್ನೊಬ್ಬರು ಕಂಡಾಗ ಹೀಗೆ ಕೈ ಮುಗಿದು ಬಗ್ತಾರೆ. ಎಲ್ಲರೂ ಮಾಡಿ ನೋಡೋಣ" ಎಂದರು. ಮೂವತ್ತೊಂದು ಮಕ್ಕಳೂ ಕೈ ಮುಗಿದು ಬಗ್ಗಿದರು. ಇಬ್ಬರ ಹಣೆ ಮುಂದಿನ ಬೆಂಚಿಗೆ ಬಡಿಯಿತು.

"ಕೈ ಮುಗಿಯಲ್ಲ ಟೀಚರ್."

ಮಾತು ಬಂದದ್ದು ಬಾಗಿಲ ಹೊರಗಿನಿಂದ. ಅಲ್ಲಿ ನೆಲ ಒರೆಸುತ್ತಿದ್ದ ಆಯಮ್ಮ, ತನ್ನ ಬಾಯಿಂದಲೇ ಅದು ಬಂತೇ ಎಂಬಂತೆ ಬಕೆಟ್ಟಿನ ಕಡೆ ನೋಡುತ್ತಿದ್ದರು. ಮಕ್ಕಳು ಗೊಳ್ಳೆಂದು ನಕ್ಕರು. ಹದಿನೈದು ವರ್ಷದಿಂದ ಆ ಶಾಲೆಯಲ್ಲಿ ಆಯಮ್ಮ ಮಕ್ಕಳ ಮೂಗು ಒರೆಸಿದ್ದರು, ಶೂ ಲೇಸು ಕಟ್ಟಿದ್ದರು, ವಾಂತಿ ಮಾಡಿಕೊಂಡವರನ್ನು ತೊಳೆದು ಕೂರಿಸಿದ್ದರು. ಪಾಠದ ನಡುವೆ ಬಾಯಿ ಹಾಕಿದ್ದು ಅದೇ ಮೊದಲು.

ಟೀಚರ್ ಸಿಟ್ಟಾಗಲಿಲ್ಲ. "ಮತ್ತೆ ಹೇಗೆ?" ಎಂದರು.

ಆಯಮ್ಮ ನೆಲ ಒರೆಸುವ ಕೋಲನ್ನು ಗೋಡೆಗೆ ಒರಗಿಸಿದರು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಎರಡೂ ಅಂಗೈಗಳನ್ನು ತೊಡೆಯ ಮುಂದೆ ಇಟ್ಟು, ಬೆನ್ನು ಒಂದಿಷ್ಟೂ ಗೂನಾಗದಂತೆ ಸೊಂಟದಿಂದ ಬಗ್ಗಿದರು. ಒಂದು ಕ್ಷಣ ಹಾಗೇ ನಿಂತು ಮೇಲೆದ್ದರು. ನಗುತ್ತಿದ್ದ ಕ್ಲಾಸು ಗಪ್‌ಚಿಪ್ಪಾಯಿತು. ಆ ಬಗ್ಗುವಿಕೆ ಚಿತ್ರಪಟದಿಂದ ಕಲಿತದ್ದಲ್ಲ ಎಂಬುದು ಎಂಟು ವರ್ಷದ ಮಕ್ಕಳಿಗೂ ತಿಳಿಯುವಂತಿತ್ತು.

"ನಿಮಗೆ ಹೇಗೆ ಗೊತ್ತು ಆಯಮ್ಮ?" ಎಂದು ಕೇಳಿದವಳು ಮುಂದಿನ ಬೆಂಚಿನ ಹುಡುಗಿ. ಕ್ಲಾಸಿನವರೆಲ್ಲ ಅವಳಿಗೆ ಪ್ರಶ್ನೆಪುಟ್ಟಿ ಎಂದು ಹೆಸರಿಟ್ಟಿದ್ದರು.

"ಅಲ್ಲಿದ್ದೆ" ಎಂದರು ಆಯಮ್ಮ. "ಎಂಟು ವರ್ಷ."

ಹೇಳಿ, ಬಕೆಟ್ ಎತ್ತಿಕೊಂಡು ಹೊರಟೇಹೋದರು.

ಸುಳ್ಳಲ್ಲ, ಎಂಟು ವರ್ಷ. ಅದಕ್ಕೆ ಮುಂಚಿನ ಕಥೆ ಚಿಕ್ಕದು. ಮದುವೆಯಾದ ಎರಡನೇ ವರ್ಷಕ್ಕೆ ಗಂಡ ಜ್ವರದಲ್ಲಿ ತೀರಿಕೊಂಡ. ಮಕ್ಕಳಾಗಿರಲಿಲ್ಲ. ಅಣ್ಣನ ಮನೆಯಲ್ಲಿ ಇದ್ದುಕೊಂಡು, ಹತ್ತಿರದ ಶಿಶುವಿಹಾರದಲ್ಲಿ ತೊಟ್ಟಿಲು ತೂಗುವ ಕೆಲಸಕ್ಕೆ ಸೇರಿದ್ದರು. ಯಾರ ಕೈಯಲ್ಲೂ ನಿಲ್ಲದೆ ಚೀರುವ ಒಂದು ಹೆಣ್ಣು ಕೂಸು ಇವರ ಹೆಗಲಿಗೆ ಬಂದರೆ ಮಾತ್ರ ಸುಮ್ಮನಾಗುತ್ತಿತ್ತು. ಕೂಸಿನ ತಂದೆ ಸೇತುವೆ ಕಟ್ಟುವ ಇಂಜಿನಿಯರು, ತಾಯಿ ಪ್ರಯೋಗಾಲಯದಲ್ಲಿ ಕೆಲಸ ಮಾಡುವವರು. ಇಂಜಿನಿಯರಿಗೆ ಜಪಾನಿನಲ್ಲಿ ಕೆಲಸವಾದಾಗ, ಹೆಂಡತಿಗೂ ಅಲ್ಲೇ ಒಂದು ಹುದ್ದೆ ಸಿಕ್ಕಾಗ, ಕೂಸಿನ ಜೊತೆ ಹೆಗಲನ್ನೂ ಕರೆದುಕೊಂಡು ಹೋಗುವುದೆಂದು ತೀರ್ಮಾನವಾಯಿತು. "ಬರ್ತೀಯಾ?" ಎಂದು ಕೂಸಿನ ತಾಯಿ, ಇವರ ಮೇಡಂ, ಕೇಳಿದರು. ಆಗ ಆಯಮ್ಮನಿಗೆ ಮೂವತ್ತಮೂರು. ಜಪಾನ್ ಎಲ್ಲಿದೆ ಎಂದು ಗೊತ್ತಿರಲಿಲ್ಲ. ಅಣ್ಣನ ಮನೆಯಿಂದ ದೂರ ಇದೆ ಎಂದಷ್ಟು ಗೊತ್ತಾದ ಮೇಲೆ ಹೂಂ ಅಂದರು.

ಮೂರನೇ ಮಹಡಿಯ ಮನೆ, ಕಿಟಕಿಯಿಂದ ನದಿಯ ಒಂದು ತುಂಡು ಕಾಣುತ್ತಿತ್ತು. ದಂಪತಿ ಬೆಳಿಗ್ಗೆ ಏಳಕ್ಕೆ ಹೊರಟರೆ ಬರುವುದು ರಾತ್ರಿಯೇ. ಹಗಲೆಲ್ಲ ಆಯಮ್ಮ ಮತ್ತು ಕೂಸು. ಅವಳನ್ನು ಗುಬ್ಬಿ ಎಂದು ಕರೆಯುತ್ತಿದ್ದರು. ಆಯಾ ಎನ್ನಲು ಬಾರದ ಅವಳು ಇವರನ್ನು ಅಯ್ಯಿ ಎನ್ನುತ್ತಿದ್ದಳು.

ಆಯಮ್ಮ ಜಪಾನಿ ಭಾಷೆಯ ಅಆಇಈ ಕಲಿತದ್ದು ಕಸದಿಂದ. ಹೋದ ಮೊದಲ ವಾರ ಇವರು ಕೆಳಗಿಟ್ಟು ಬಂದ ಕಸದ ಚೀಲ ಮಧ್ಯಾಹ್ನದ ಹೊತ್ತಿಗೆ ವಾಪಸು ಬಾಗಿಲಲ್ಲಿ ಕೂತಿತ್ತು. ಇನ್ನೊಮ್ಮೆ ಇಟ್ಟರು, ಇನ್ನೊಮ್ಮೆ ಬಂತು. ಮೂರನೇ ಸಲ ಚೀಲದ ಜೊತೆ ಕೆಳಮನೆಯ ಅಜ್ಜಿಯೂ ಬಂದರು. ಮೊಣಕಾಲೂರಿ ಕೂತು, ಚೀಲ ಬಿಚ್ಚಿ, ಸಿಪ್ಪೆ ಒಂದು ಕಡೆ, ಸೀಸೆ ಒಂದು ಕಡೆ, ಡಬ್ಬಿಯ ಮುಚ್ಚಳ ಇನ್ನೊಂದು ಕಡೆ ಗುಡ್ಡೆ ಹಾಕಿ, ಒಂದೊಂದಕ್ಕೂ ಬೆರಳು ತೋರಿಸಿ ಹೇಳಿದರು: "ಮೊಎರು. ಮೊಎನಾಇ." ಸುಡುವುದು, ಸುಡದಿರುವುದು. ಯಾವ ವಾರ ಯಾವ ಕಸ ಎಂದು ಕ್ಯಾಲೆಂಡರಿನಲ್ಲಿ ಚಿತ್ರ ಬರೆದುಕೊಟ್ಟರು. ಮುಂದೆ ಅದೇ ಅಜ್ಜಿ ದಿನಾ ಒಂದು ಗಂಟೆ ಇವರಿಗೆ ಮಾತು ಕಲಿಸಿದರು. ಎರಡು ವರ್ಷ ಕಳೆಯುವಷ್ಟರಲ್ಲಿ ಆಯಮ್ಮ ತರಕಾರಿ ಅಂಗಡಿಯಲ್ಲಿ ಚೌಕಾಸಿ ಮಾಡಲು ಹೋಗಿ ನಗೆಪಾಟಲಾಗುವಷ್ಟು ಮಾತು ಕಲಿತಿದ್ದರು.

ಗುಬ್ಬಿಯನ್ನು ಅಲ್ಲಿನ ಬಾಲವಾಡಿಗೆ ಸೇರಿಸಿದಾಗ ಶಾಲೆಯವರು ಒಂದು ಹಾಳೆ ಕೊಟ್ಟರು: ಶೂ ಇಡಲು ಇಷ್ಟು ಉದ್ದ ಇಷ್ಟು ಅಗಲದ ಚೀಲ, ಊಟದ ಡಬ್ಬಿಗೆ ಒಂದು, ಲೋಟಕ್ಕೆ ಒಂದು, ಎಲ್ಲವನ್ನೂ ಮನೆಯಲ್ಲಿ ಹೊಲಿದು ತರಬೇಕು. ಮೇಡಂ ಹಾಳೆ ನೋಡಿ ತಲೆ ಹಿಡಿದುಕೊಂಡರು. ಆಯಮ್ಮ ಕೂತು ಕೈಯಲ್ಲೇ ಹೊಲಿದರು, ಕೆಂಪು ಬಟ್ಟೆಗೆ ಹಳದಿ ಗುಬ್ಬಿಯ ಕಸೂತಿ ಹಾಕಿ. ಗೇಟಿನ ಬಳಿ ಬಾಲವಾಡಿಯ ಟೀಚರು ಇವರನ್ನು "ಒಕಾಸಾನ್" ಎಂದು ಕರೆದರು. ಹಾಗೆಂದರೆ ಅಮ್ಮ. ಅಲ್ಲ ಎಂದು ಹೇಳುವಷ್ಟು ಭಾಷೆ ಅಷ್ಟು ಹೊತ್ತಿಗೆ ಬರುತ್ತಿತ್ತು. ಹೇಳಲಿಲ್ಲ.

ಗುಬ್ಬಿಗೆ ಒಂಬತ್ತು ತುಂಬಿದಾಗ ಇಂಜಿನಿಯರಿಗೆ ಬೇರೊಂದು ದೇಶಕ್ಕೆ ವರ್ಗವಾಯಿತು. ಅಲ್ಲಿ ಸಂಜೆಯವರೆಗೂ ಶಾಲೆ, ಆಯಾ ಬೇಕಾಗಿರಲಿಲ್ಲ. ಯಾರೂ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ. ವಿಮಾನದ ಟಿಕೆಟು ತೆಗೆದುಕೊಟ್ಟರು, ಸೂಟ್‌ಕೇಸು ಕೊಟ್ಟರು, ಮೇಡಂ ಅತ್ತರು ಕೂಡ. ಗುಬ್ಬಿ ವಿಮಾನ ನಿಲ್ದಾಣದಲ್ಲಿ ಹೊಸ ಬಣ್ಣದ ಪೆನ್ಸಿಲ್ ಡಬ್ಬಿಯ ಖುಷಿಯಲ್ಲಿದ್ದಳು. ಮಕ್ಕಳೆಂದರೆ ಹಾಗೇ.

ವಾಪಸು ಬಂದ ಆಯಮ್ಮ ಒಂದು ವರ್ಷ ಅಲ್ಲಿ ಇಲ್ಲಿ ಕೆಲಸ ಮಾಡಿ ಈ ಶಾಲೆ ಸೇರಿದರು. ಸ್ಟೇಷನರಿ ಅಂಗಡಿಯ ಹಿಂದೆ ಒಂದು ಕೋಣೆ ಬಾಡಿಗೆಗೆ ಹಿಡಿದರು. ಒಂದು ಮಂಚ, ಒಂದು ಒಲೆ, ಒಂದು ಕಿಟಕಿ. ಕಿಟಕಿ ತೆರೆದರೆ ಪಕ್ಕದ ಗೋಡೆ. ಜಪಾನಿನ ಸುದ್ದಿಯನ್ನು ಮೊದಮೊದಲು ಒಂದಿಬ್ಬರಿಗೆ ಹೇಳಿ ನೋಡಿದ್ದರು. "ಹೌದಾ!" ಎನ್ನುತ್ತಿದ್ದರು, ಆಮೇಲೆ ಅಲ್ಲಿ ಎಷ್ಟು ಗಿಟ್ಟುತ್ತಿತ್ತು ಎಂದು ಕೇಳುತ್ತಿದ್ದರು. ಆಯಮ್ಮ ಹೇಳುವುದನ್ನೇ ಬಿಟ್ಟರು. ಆದರೆ ಭಾಷೆ ನಾಲಿಗೆಯ ಮೇಲೆ ಕೂತಿತ್ತು, ಎಲ್ಲಿಗೆ ಹೋದೀತು? ಅಕ್ಕಿ ತೊಳೆಯುವಾಗ, ದಿಂಬು ಬಡಿಯುವಾಗ, ಒಬ್ಬರೇ ಜಪಾನಿಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂದರೆ ನಲ್ಲಿಗೆ ಥ್ಯಾಂಕ್ಸ್ ಹೇಳುತ್ತಿದ್ದರು. ಗೋಡೆಯಾಚೆಯ ಅಂಗಡಿಯವರಿಗೆ ಗುಣುಗುಣು ಕೇಳುತ್ತಿತ್ತು. "ಅಮ್ಮ ದಿನಾ ಅದೇನೋ ಜಪ ಮಾಡ್ತಾರೆ" ಎಂದುಕೊಂಡು ಆ ಹೊತ್ತಿನಲ್ಲಿ ರೇಡಿಯೋ ಸಣ್ಣಗೆ ಮಾಡುತ್ತಿದ್ದರು, ಪಾಪ. ವರ್ಷಗಳ ನಂತರ ನಿಜ ಗೊತ್ತಾದಾಗ, "ಅಯ್ಯೋ, ನಾನು ಜಪ ಅಂದ್ಕೊಂಡೆ, ಅದು ಜಪಾನಾ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು.

ಇದೆಲ್ಲವನ್ನೂ ಟೀಚರ್ ಆ ಸಂಜೆ ಮೆಟ್ಟಿಲ ಕೆಳಗಿನ ಸಾಮಾನು ಕೋಣೆಗೆ ಬಂದು, ಪೊರಕೆಗಳ ನಡುವೆ ಸ್ಟೂಲ್ ಹಾಕಿಕೊಂಡು ಕೂತು, ಬಿಡದೆ ಕೆದಕಿ ಕೇಳಿದರು. ಮರುದಿನ ಹೆಡ್‌ಮಿಸ್ಸಿನ ಹತ್ತಿರ ಹೋಗಿ ಗುರುವಾರದ ಕೊನೆಯ ಪೀರಿಯಡ್ಡನ್ನು ಆಯಮ್ಮನಿಗೆ ಕೊಡಿಸಿದರು.

ಮೊದಲ ಗುರುವಾರ ಆಯಮ್ಮ ಬಾಗಿಲ ಪಕ್ಕದಲ್ಲೇ ನಿಂತರು. ಕುರ್ಚಿ ಕೊಟ್ಟರೆ ಕೂರಲಿಲ್ಲ. "ನನಗೆ ಪಾಠ ಮಾಡೋಕೆ ಬರಲ್ಲ ಮಕ್ಕಳೇ" ಎಂದೇ ಶುರು ಮಾಡಿದರು. "ಅಲ್ಲಿ ಬೆಳಿಗ್ಗೆ ಎದ್ದು ಮಗು ಏನು ಮಾಡುತ್ತೆ, ಅದನ್ನ ಹೇಳ್ತೀನಿ."

ಅಷ್ಟೇ ಸಾಕಾಯಿತು. ಮನೆಯಿಂದ ಹೊರಡುವ ಮಗು ಬಾಗಿಲಲ್ಲಿ ನಿಂತು "ಇತ್ತೆಕಿಮಾಸು" ಎನ್ನುತ್ತದೆ ಎಂದರು. ಹಾಗೆಂದರೆ, ಹೋಗಿ ಬರ್ತೀನಿ. ಒಳಗಿರುವವರು "ಇತ್ತೆರಾಶ್ಶಾಇ" ಎನ್ನುತ್ತಾರೆ. ಹಾಗೆಂದರೆ, ಹೋಗಿ ಬಾ.

"ನಾವೂ ಅದನ್ನೇ ಹೇಳ್ತೀವಲ್ಲ!" ಎಂದು ಕ್ಲಾಸಿಗೆ ಕ್ಲಾಸೇ ಕೂಗಿತು. ಜಪಾನಿನವರು ತಮ್ಮಿಂದ ಕದ್ದರೇನೋ ಎಂಬಷ್ಟು ಅಚ್ಚರಿ.

"ವಾಪಸು ಬಂದಾಗ 'ತದಾಇಮಾ' ಅನ್ಬೇಕು. ಬಂದೆ ಅಂತ. ಒಳಗಿನವರು 'ಒಕಾಎರಿ' ಅಂತಾರೆ. ಬಂದ್ಯಾ ಅಂತ."

ಪ್ರಶ್ನೆಪುಟ್ಟಿ ಕೈ ಎತ್ತಿದಳು. "ನೀವು ಮನೆಗೆ ಹೋದಾಗ ಬಂದ್ಯಾ ಅಂತ ಯಾರು ಹೇಳ್ತಾರೆ ಆಯಮ್ಮ?"

"ನಮ್ಮನೇಲಿ ಬೀಗ ಹೇಳುತ್ತೆ" ಎಂದರು ಆಯಮ್ಮ. "ಕಟಕ್ ಅಂತ."

ಮಕ್ಕಳು ನಕ್ಕರು. ಟೀಚರ್ ನಗಲಿಲ್ಲ.

ವಾರ ವಾರ ಪಾಠ ಬೆಳೆಯಿತು. ಒಳಗೆ ಹೋಗುವಾಗ ಶೂ ಬಿಚ್ಚಿ ಮೂತಿ ಬಾಗಿಲ ಕಡೆ ಮಾಡಿ ಇಡುವುದು, ಚಿಕ್ಕ ಮಕ್ಕಳು ಹಳದಿ ಟೋಪಿ ಹಾಕಿಕೊಂಡು ಸಾಲಾಗಿ ಶಾಲೆಗೆ ನಡೆದು ಹೋಗುವುದು, ಮಧ್ಯಾಹ್ನ ಮಕ್ಕಳೇ ಬಿಳಿ ಟೋಪಿ ತೊಟ್ಟು ತಮ್ಮ ಕ್ಲಾಸಿಗೆ ತಾವೇ ಬಡಿಸುವುದು. ಒದ್ದೆ ಕೊಡೆಗೆ ಅಂಗಡಿಯ ಬಾಗಿಲಲ್ಲಿ ಪ್ಲಾಸ್ಟಿಕ್ ಚೀಲ ತೊಡಿಸುತ್ತಾರೆ ಎಂದಾಗ, "ಕೊಡೆಗೂ ರೇನ್‌ಕೋಟಾ?" ಎಂದು ಒಬ್ಬ ಬೆಂಚಿನಿಂದ ಉರುಳಿಬಿದ್ದು ನಕ್ಕ. ಆದರೆ ಮಕ್ಕಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ಸದ್ದಿನ ಆಟ. ನಮ್ಮ ಮಳೆ ಧೋ ಎಂದು ಸುರಿದರೆ ಅಲ್ಲಿನದು ಝಾ ಝಾ. ನಮ್ಮದು ಜಿಟಿಜಿಟಿ ಎಂದರೆ ಅಲ್ಲಿನದು ಶಿತೊ ಶಿತೊ. ಇಲ್ಲಿನ ನಾಯಿ ಬೌ ಬೌ, ಅಲ್ಲಿನದು ವಾನ್ ವಾನ್. ಹಸಿವಾದರೆ ನಮ್ಮ ಹೊಟ್ಟೆ ಚುರುಚುರು, ಅವರದು ಪೆಕೊ ಪೆಕೊ. ಮಕ್ಕಳು ಒಂದೊಂದೇ ಸದ್ದು ಹೇಳುವುದು, ಆಯಮ್ಮ ಅದರ ಜೋಡಿ ಹುಡುಕಿ ಕೊಡುವುದು. ಇಡೀ ಶಾಲೆ ಮಧ್ಯಾಹ್ನ ಊಟದ ಗಂಟೆಗೆ ಪೆಕೊ ಪೆಕೊ ಎನ್ನತೊಡಗಿತು.

"ಏನೂ ಸದ್ದೇ ಇಲ್ಲದಿದ್ರೆ?" ಎಂದಳು ಪ್ರಶ್ನೆಪುಟ್ಟಿ.

"ಅದಕ್ಕೂ ಇದೆ. ಶೀನ್..." ಎಂದು ಎಳೆದು ಹೇಳಿದರು ಆಯಮ್ಮ. "ಮನೇಲಿ ಯಾರೂ ಇಲ್ಲ, ಗಡಿಯಾರಾನೂ ನಿಂತುಹೋಗಿದೆ. ಆಗ ಕೇಳ್ಸುತ್ತೆ."

"ನಮ್ಮಲ್ಲಿ ಅದಕ್ಕೆ ಸದ್ದಿಲ್ವಾ?"

ಆಯಮ್ಮ ಸ್ವಲ್ಪ ಯೋಚಿಸಿದರು. "ಬಿಕೋ ಅನ್ನುತ್ತೆ ಅಂತೀವಲ್ಲ, ಅದೇ."

ಒಂದು ಎಡವಟ್ಟೂ ಆಯಿತು. ಅಲ್ಲಿ ಮಕ್ಕಳೇ ದಿನಾ ಶಾಲೆ ಗುಡಿಸಿ ಒರೆಸುತ್ತಾರೆಂದೂ, ಎರಡು ಕೈ ಬಟ್ಟೆಯ ಮೇಲೂರಿ, ಸೊಂಟ ಎತ್ತಿಕೊಂಡು, ಸಾಲಾಗಿ ಈ ತುದಿಯಿಂದ ಆ ತುದಿಗೆ ಓಡುತ್ತಾ ನೆಲ ಒರೆಸುತ್ತಾರೆಂದೂ ಆಯಮ್ಮ ಹೇಳಿದ್ದೇ ತಡ, ಮಕ್ಕಳಿಗೆ ಅದು ಓಟದ ಪಂದ್ಯವಾಗಿಬಿಟ್ಟಿತು. ಕಾರಿಡಾರಿನ ನೆಲ ಕನ್ನಡಿಯಾಯಿತು, ಮೂವತ್ತೊಂದು ಜೊತೆ ಮೊಣಕಾಲು ಮಸಿಯಾದವು. ಮರುದಿನ ಐದು ಜನ ತಾಯಂದಿರು ಹೆಡ್‌ಮಿಸ್ಸಿನ ಕೋಣೆಯಲ್ಲಿದ್ದರು. "ನೆಲ ಒರೆಸೋಕೆ ಮಕ್ಕಳನ್ನ ಕಳಿಸ್ತೀವಾ ನಾವು? ಆಯಾ ಕೆಲಸ ಆಯಾ ಮಾಡ್ಲಿ."

ಹೆಡ್‌ಮಿಸ್ಸು ಒಳ್ಳೆಯವರೇ. ಆಯಮ್ಮನನ್ನು ಕರೆದು, "ಬಾಯಲ್ಲಿ ಏನು ಬೇಕಾದ್ರೂ ಹೇಳಿ. ಕೈಗೆ ಮಾತ್ರ ಬಟ್ಟೆ ಕೊಡಬೇಡಿ" ಎಂದರು. ಆಯಮ್ಮ ತಲೆಯಾಡಿಸಿ ಬಂದು ಆ ಕಾರಿಡಾರನ್ನೇ ಮತ್ತೊಮ್ಮೆ ಒರೆಸಿದರು. ಬೇಸರವಾಗಿದ್ದು ಬೈದದ್ದಕ್ಕಲ್ಲ, ಒಬ್ಬರೇ ಒರೆಸುವಾಗ ಕಾರಿಡಾರು ಎಷ್ಟು ಉದ್ದ ಎಂದು ಅಂದು ಗೊತ್ತಾದದ್ದಕ್ಕೆ.

ಪಾಠಕ್ಕೆ ತೋರಿಸಲು ಚಿತ್ರಗಳಿದ್ದರೆ ಚೆನ್ನ ಎಂದು ಟೀಚರಿಗೆ ಅನ್ನಿಸಿತು. ಆಯಮ್ಮನ ಬಳಿ ಜಪಾನಿನದು ಎನ್ನಲು ಒಂದೂ ಫೋಟೊ ಇರಲಿಲ್ಲ. ಮೇಡಂ ನಂಬರು ಮಾತ್ರ ಇತ್ತು. ವರ್ಷಕ್ಕೊಮ್ಮೆ ಅತ್ತಲಿಂದ ಹೊಸ ವರ್ಷದ ಶುಭಾಶಯ ಬರುತ್ತಿತ್ತು. ಟೀಚರ್ ಒತ್ತಾಯಕ್ಕೆ ಫೋನ್ ಮಾಡಿದರು. ಮೇಡಂ ಖುಷಿಯಿಂದ ಮಾತಾಡಿ, ಹದಿನೈದು ದಿನದಲ್ಲಿ ಒಂದು ದಪ್ಪ ಲಕೋಟೆ ಕಳಿಸಿಕೊಟ್ಟರು. ನಲವತ್ತಮೂರು ಫೋಟೊ.

ಗುರುವಾರ ಮಕ್ಕಳು ಬೆಂಚುಗಳನ್ನು ಸರಿಸಿ ನೆಲದ ಮೇಲೆ ಫೋಟೊಗಳನ್ನು ಹರಡಿಕೊಂಡು ಸುತ್ತ ಕೂತರು. ಹಳದಿ ಟೋಪಿಯ ಗುಬ್ಬಿ, ನದಿ ದಂಡೆಯ ಗುಬ್ಬಿ, ಆಟದ ದಿನ ಬಿಳಿ ಗೆರೆಯ ಮೇಲೆ ಓಡುತ್ತಿರುವ ಗುಬ್ಬಿ. ಮಕ್ಕಳು ಟೋಪಿ ಗುರುತಿಸಿದರು, ಶೂ ಕಪಾಟು ಗುರುತಿಸಿದರು, ಕೆಂಪು ಚೀಲದ ಮೇಲಿನ ಹಳದಿ ಹಕ್ಕಿಯನ್ನು ಕಂಡು ಕುಣಿದರು. ಆಮೇಲೆ ಯಾರೋ ಕೇಳಿದರು: "ಆಯಮ್ಮ ಎಲ್ಲಿ?"

ಹುಡುಕಾಟ ಶುರುವಾಯಿತು. ಒಂದರಲ್ಲೂ ಆಯಮ್ಮನ ಮುಖವಿರಲಿಲ್ಲ. ಭಾನುವಾರ ಇಂಜಿನಿಯರು ತೆಗೆದ ಫೋಟೊಗಳಲ್ಲಿ ಅವರು ಅಂಚಿನಾಚೆ ಉಳಿದಿದ್ದರು. ಉಳಿದ ದಿನಗಳವು ಆಯಮ್ಮನೇ ತೆಗೆದವು. ಮಕ್ಕಳು ಬಿಡಲಿಲ್ಲ. "ಸಿಕ್ತು! ಆಯಮ್ಮನ ಕೈ!" ಕೊಡೆ ಹಿಡಿದ ಒಂದು ಕೈ. "ಇಲ್ಲಿ ಸೆರಗು!" "ಇದು ನೆರಳು, ನೋಡು, ಜಡೆ ಇದೆ!" ಕೊನೆಗೆ ಲೆಕ್ಕ ಹಾಕಿದಾಗ ಆರು ಕೈ, ಎರಡು ಸೆರಗು, ಮೂರು ನೆರಳು ಮತ್ತು ಅಂಗಡಿಯೊಂದರ ಗಾಜಿನಲ್ಲಿ ಕ್ಯಾಮೆರಾದ ಹಿಂದೆ ಅಡಗಿದ ಅರ್ಧ ತಲೆ. ಮಕ್ಕಳಿಗೆ ಹಬ್ಬ. ಆಯಮ್ಮನೂ ಅವರೊಂದಿಗೆ ನಕ್ಕರು. ನಗುತ್ತಲೇ, ಅಲ್ಲಿ ಎಂಟು ವರ್ಷ ಇದ್ದ ತಾನು ನೆಲದ ಮೇಲೆ ಹೀಗೆ ತುಂಡು ತುಂಡಾಗಿ ಬಿದ್ದಿರುವುದನ್ನು ನೋಡಿದರು.

ಪ್ರಶ್ನೆಪುಟ್ಟಿ ಫೋಟೊಗಳನ್ನು ಎತ್ತಿಡುತ್ತಾ, "ಇವೆಲ್ಲ ನೀವೇ ತೆಗೆದದ್ದಲ್ವಾ? ಹಾಗಾದ್ರೆ ಅವಳು ನಗ್ತಿರೋದು ನಿಮ್ಮನ್ನ ನೋಡಿ" ಎಂದಳು. ಹೇಳಿ, ಗಂಟೆ ಬಾರಿಸಿತೆಂದು ಚೀಲ ಬಾಚಿಕೊಂಡು ಓಡಿದಳು.

ಆ ಮಾತು ಆಯಮ್ಮನನ್ನು ಮೇಲೆತ್ತಿಬಿಟ್ಟಿತು. ಅದೇ ವಾರ ಮೇಡಂ ಇನ್ನೊಂದು ಸುದ್ದಿ ಕಳಿಸಿದರು: ಗುಬ್ಬಿ ಆಫೀಸಿನ ಕೆಲಸಕ್ಕೆ ಇದೇ ಊರಿಗೆ ಬರುತ್ತಿದ್ದಾಳೆ, ಗುರುವಾರ ಅರ್ಧ ಗಂಟೆ ಬಿಡುವು ಮಾಡಿಕೊಂಡು ಶಾಲೆಗೆ ಬರುತ್ತಾಳಂತೆ.

ಆಯಮ್ಮನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಗುರುವಾರ ನಸುಕಿನಲ್ಲೇ ಎದ್ದು ಬಾಲವಾಡಿಯ ದಿನಗಳಂತೆಯೇ ಗುಬ್ಬಿಗೆ ಒಂದು ಊಟದ ಡಬ್ಬಿ ತುಂಬಿದರು: ಮುಷ್ಟಿಯಲ್ಲಿ ಒತ್ತಿದ ಅನ್ನದ ಉಂಡೆ, ಸುರುಳಿ ಸುತ್ತಿದ ಮೊಟ್ಟೆ, ಹೂವಿನಂತೆ ಕತ್ತರಿಸಿದ ಕ್ಯಾರೆಟ್. ಮಕ್ಕಳು ಮೂರು ದಿನದಿಂದ ಸ್ವಾಗತದ ಮಾತು ಬಾಯಿಪಾಠ ಮಾಡಿದ್ದರು.

ಬಂದವಳು ಎತ್ತರದ, ಚುರುಕಾದ, ಇಪ್ಪತ್ತೈದರ ಹೆಣ್ಣು. ಬಾಗಿಲಲ್ಲೇ ಆಯಮ್ಮನನ್ನು ಅಪ್ಪಿಕೊಂಡು, "ಹೇಗಿದ್ದೀರಾ ಆಂಟಿ?" ಎಂದಳು.

ಆಂಟಿ. ಇರಲಿ ಎಂದುಕೊಂಡರು ಆಯಮ್ಮ. ಮಕ್ಕಳು ಎದ್ದು ಸೊಂಟದಿಂದ ಬಗ್ಗಿ ಒಟ್ಟಾಗಿ ಜಪಾನಿಯಲ್ಲಿ ಕೂಗಿದರು. ಅವಳು ಚಪ್ಪಾಳೆ ತಟ್ಟಿದಳು. ಆಯಮ್ಮ ಮುಂದೆ ಬಂದು, ಹದಿನಾರು ವರ್ಷ ನಲ್ಲಿಗೂ ದಿಂಬಿಗೂ ಹೇಳಿಕೊಂಡಿದ್ದ ಭಾಷೆಯಲ್ಲಿ ಅವಳಿಗೆ ಮಾತು ಶುರು ಮಾಡಿದರು. ಎಷ್ಟು ದೊಡ್ಡವಳಾದೆ, ಕೆಳಮನೆಯ ಅಜ್ಜಿ ಇದ್ದಿದ್ದರೆ ಎಷ್ಟು ಖುಷಿಪಡುತ್ತಿದ್ದರು, ನದಿಯ ಮೇಲಿನ ಬಾತುಗಳಿಗೆ ನೀನು ಹೆಸರಿಟ್ಟಿದ್ದೆಯಲ್ಲ. ನಾಲ್ಕನೇ ವಾಕ್ಯಕ್ಕೆ ಅವಳ ಮುಖದ ನಗು ಹಾಗೇ ಇದ್ದು, ಕಣ್ಣು ಮಾತ್ರ ಟೀಚರ್ ಕಡೆ ತಿರುಗಿದ್ದನ್ನು ಕಂಡು ನಿಲ್ಲಿಸಿದರು.

"ಸಾರಿ ಆಂಟಿ" ಎಂದಳು ಅವಳು. "ನನಗೆ ಒಂದಕ್ಷರಾನೂ ಬರಲ್ಲ. ಚಿಕ್ಕವಳಿದ್ದಾಗ ಪಟಪಟ ಮಾತಾಡ್ತಿದ್ದೆ ಅಂತ ಅಮ್ಮ ಹೇಳ್ತಾರೆ. ಎಲ್ಲಾ ಮರೆತುಹೋಯ್ತು."

"ಅಜ್ಜಿ ನೆನಪಿದ್ದಾರಾ?"

"ಇಲ್ಲ."

"ಬಾತು?"

ಅವಳು ನಿಜಕ್ಕೂ ನೆನಪಿಸಿಕೊಳ್ಳಲು ಪ್ರಯತ್ನಪಟ್ಟಳು. "ಒಂದು ಲಿಫ್ಟ್ ನೆನಪಿದೆ. ಬಟನ್ ಒತ್ತೋಕೆ ನೀವು ನನ್ನ ಎತ್ತಿಕೊಳ್ತಿದ್ರಿ, ಅಲ್ವಾ?"

ಆ ಕಟ್ಟಡದಲ್ಲಿ ಲಿಫ್ಟೇ ಇರಲಿಲ್ಲ. "ಹೂಂ" ಎಂದರು ಆಯಮ್ಮ.

ಇಪ್ಪತ್ತೈದು ನಿಮಿಷ ಇದ್ದಳು. ಫೋಟೊಗಳನ್ನು ನೋಡಿ ಯಾರದೋ ಮಗುವನ್ನು ಮೆಚ್ಚಿದಂತೆ ಮೆಚ್ಚಿದಳು. ಒಂದು ಉಣ್ಣೆಯ ಶಾಲು ಕೊಟ್ಟಳು. ಕಾರು ಕಾಯುತ್ತಿತ್ತು, ಊಟ ಆಫೀಸಿನಲ್ಲೇ ಇತ್ತು. ಊಟದ ಡಬ್ಬಿಯ ಸುದ್ದಿಯನ್ನು ಆಯಮ್ಮ ಎತ್ತಲಿಲ್ಲ. ಅವಳು ಹೋದ ಮೇಲೆ ಮಕ್ಕಳಿಗೆ ಹಂಚಿಬಿಟ್ಟರು; ಕ್ಯಾರೆಟ್ಟಿನ ಹೂವಿಗೆ ಜಗಳವಾಯಿತು.

ಮುಂದಿನ ಗುರುವಾರ ಆಯಮ್ಮ ಕ್ಲಾಸಿಗೆ ಹೋಗಲಿಲ್ಲ. ಮಂಡಿ ನೋವು ಎಂದು ಹೇಳಿ ಕಳಿಸಿದರು. ಶಾಲೆ ಬಿಟ್ಟ ಮೇಲೆ ಟೀಚರ್ ಸಾಮಾನು ಕೋಣೆಗೆ ಬಂದರು. ಆಯಮ್ಮ ಚಿಂದಿ ಬಟ್ಟೆಗಳನ್ನು ಮಡಚಿ ಜೋಡಿಸುತ್ತಿದ್ದರು.

"ಮಕ್ಕಳು ಕೇಳ್ತಿದ್ರು. ಮಂಡಿಗೆ ಔಷಧಿ ತಗೊಂಡ್ರಾ?"

"ಮಂಡಿಗೇನೂ ಆಗಿಲ್ಲ ಟೀಚರ್."

"ಗೊತ್ತು."

ಆಯಮ್ಮ ಇನ್ನೊಂದು ಬಟ್ಟೆ ಮಡಚಿಟ್ಟರು.

"ಅಲ್ಲಿ ನಾವು ಇಬ್ರೇ ಇದ್ದದ್ದು" ಎಂದರು ಆಯಮ್ಮ. "ಹಗಲೆಲ್ಲ ನಾನು, ಅವಳು. ಅಜ್ಜಿ ತೀರಿಕೊಂಡ್ರು. ಅವಳಿಗೆ ನೆನಪಿಲ್ಲ. ಇನ್ನು ಅದು ನಡೆದಿತ್ತು ಅನ್ನೋಕೆ ನನ್ನ ಬಿಟ್ರೆ ಯಾರಿದ್ದಾರೆ? ರಾತ್ರಿಯೆಲ್ಲ ಯೋಚನೆ ಮಾಡಿದೆ. ಬಾತುಗಳಿಗೆ ಹೆಸರಿಟ್ಟಿದ್ದು ಅವಳಾ, ನಾನಾ ಅಂತ ನನಗೇ ಅನುಮಾನ ಬಂದುಬಿಡ್ತು. ಸುಳ್ಳು ಪಾಠ ಹೇಳಿಬಿಟ್ರೆ ಮಕ್ಕಳಿಗೆ?"

ಟೀಚರ್ ಸ್ಟೂಲ್ ಎಳೆದುಕೊಂಡು ಕೂತು, ಒಂದು ಬಟ್ಟೆ ತೆಗೆದು ಮಡಚತೊಡಗಿದರು. ಗುಡ್ಡೆ ಮುಗಿಯುವವರೆಗೂ ಇದ್ದು ಎದ್ದು ಹೋದರು.

ಇನ್ನೂ ಎಂಟು ದಿನ ಕಳೆದಿರಬೇಕು. ಸಂಜೆ ಆರರ ಹೊತ್ತು, ಆಯಮ್ಮ ಕೋಣೆಯಲ್ಲಿ ಒಲೆ ಹಚ್ಚುತ್ತಿದ್ದಾಗ ಫೋನಿಗೆ ಒಂದು ಧ್ವನಿ ಸಂದೇಶ ಬಂತು. ಹಿಂದೆ ಬಸ್ಸುಗಳ ಗದ್ದಲ, ಮುಂದೆ ಗುಬ್ಬಿಯ ದನಿ.

"ಆಂಟಿ, ಒಂದು ಕೇಳ್ಬೇಕಿತ್ತು. ನಾನು ಭಾರ ಏನಾದ್ರೂ ಎತ್ತೋವಾಗ, ಕೂತವಳು ಏಳೋವಾಗ 'ಯೊಯ್‌ಶೊ' ಅಂತೀನಿ. ಚಿಕ್ಕಂದಿನಿಂದ ಅಭ್ಯಾಸ. ಅದು ನಮ್ಮ ಕಡೆ ಮಾತು, ಎಲ್ಲರ ಮನೇಲೂ ಅಂತಾರೆ ಅಂದ್ಕೊಂಡಿದ್ದೆ. ಇವತ್ತು ಆಫೀಸಲ್ಲಿ ಪೆಟ್ಟಿಗೆ ಎತ್ತಿದಾಗ ಒಬ್ಬರು 'ಏನದು?' ಅಂದ್ರು. ಅಮ್ಮನಿಗೆ ಕೇಳಿದೆ, ಗೊತ್ತಿಲ್ಲ, ಆಯಾನ ಕೇಳು ಅಂದ್ರು. ಏನಾಂಟಿ ಅದು?"

ಆಯಮ್ಮ ಒಲೆ ಆರಿಸಿ ಮಂಚದ ಮೇಲೆ ಕೂತರು. ಮೂರು ಮಹಡಿ, ಐವತ್ತನಾಲ್ಕು ಮೆಟ್ಟಿಲು. ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದರಲ್ಲಿ ನಿದ್ದೆ ಹೋದ ಮಗು. ಪ್ರತಿ ತಿರುವಿನಲ್ಲೂ ನಿಂತು ಅವಳನ್ನು ಮೇಲೆ ಸರಿಸಿಕೊಳ್ಳುವಾಗ ಬಾಯಿಂದ ಬರುತ್ತಿದ್ದದ್ದು ಅದೇ ಮಾತು. ಕೆಳಮನೆಯ ಅಜ್ಜಿ ಕಸದ ಚೀಲ ಎತ್ತುವಾಗ ಅನ್ನುತ್ತಿದ್ದದ್ದು, ಇವರಿಗೆ ಅಂಟಿತ್ತು. ಇವರ ಎದೆಗೆ ಕಿವಿ ಇಟ್ಟು ಮಲಗಿದವಳಿಗೂ ಅಂಟಿರಬೇಕು.

ಬಟನ್ ಒತ್ತಿ ಉತ್ತರ ಹೇಳಲು ಹೊರಟವರು ಎರಡು ಮಾತು ಜಪಾನಿಯಲ್ಲಿ ಆಡಿ, ತಡೆದು, ಅದನ್ನು ಅಳಿಸಿದರು. ಮತ್ತೆ ಶುರು ಮಾಡಿದರು. "ಅದಕ್ಕೆ ಅರ್ಥ ಅಂತೇನಿಲ್ಲ ಮಗಾ. ನಾವು ಉಸ್ಸಪ್ಪಾ ಅಂತೀವಲ್ಲ, ಹಾಗೆ. ಅದು ಅಲ್ಲಿನ ಮಾತು. ನಿನ್ನ ಎತ್ತಿಕೊಂಡು ಮೆಟ್ಟಿಲು ಹತ್ತುವಾಗ ನಾನು ಅಂತಿದ್ದೆ. ನಮ್ಮ ಕಟ್ಟಡದಲ್ಲಿ ಲಿಫ್ಟ್ ಇರಲಿಲ್ಲ."

ಹತ್ತು ನಿಮಿಷದ ನಂತರ ಉತ್ತರ ಬಂತು. "ಓ! ಹೌದಾ! ಥ್ಯಾಂಕ್ಯೂ ಆಂಟಿ." ಜೊತೆಗೆ ಒಂದು ನಗುವ ಮುಖ. ಆಮೇಲೆ ಬೇರೇನೂ ಬರಲಿಲ್ಲ, ಆ ವಾರವೂ, ಆ ತಿಂಗಳೂ. ಆಯಮ್ಮ ಆ ಮೊದಲ ಸಂದೇಶವನ್ನು ಆಗಾಗ ಹಾಕಿ ಕೇಳುತ್ತಿದ್ದರು. ಇಡೀ ಸಂದೇಶವನ್ನಲ್ಲ, ಆ ಒಂದು ಪದ ಬರುವ ತನಕ ಮಾತ್ರ.

ಗುರುವಾರದ ಪಾಠ ಮತ್ತೆ ನಡೆಯಿತು, ವರ್ಷ ಮುಗಿಯುವವರೆಗೂ. ಶಾಲೆ ಇದ್ದದ್ದು ಮೂರನೇ ಕ್ಲಾಸಿನ ತನಕ; ಆ ಮಕ್ಕಳು ಪಾಸಾಗಿ ಇನ್ನೊಂದು ಬೀದಿಯ ದೊಡ್ಡ ಶಾಲೆಗೆ ಹೋದರು. ಟೀಚರಿಗೂ ಬೇರೆ ಶಾಲೆಯಲ್ಲಿ ಕೆಲಸವಾಯಿತು. ಹೊಸದಾಗಿ ಬಂದವರಿಗೆ ಕೊನೆಯ ಪೀರಿಯಡ್ಡು ಲೆಕ್ಕಕ್ಕೆ ಬೇಕಿತ್ತು. ಹೆಡ್‌ಮಿಸ್ಸು ಯೋಚಿಸಿ, "ಶಾಲೆ ಬಿಟ್ಟ ಮೇಲೆ ಲೈಬ್ರರಿ ಕೋಣೆ ತಗೊಳ್ಳಿ ಆಯಮ್ಮ, ಇಷ್ಟ ಇದ್ದವರು ಬರ್ತಾರೆ" ಎಂದರು.

ಮೊದಲ ದಿನ ನಾಲ್ಕು ಮಕ್ಕಳು ಬಂದರು. ಅವರಲ್ಲಿ ಇಬ್ಬರು ಮನೆಯವರು ಕರೆದೊಯ್ಯಲು ಬರುವುದು ತಡ ಎಂದು ಕೂತವರು. ಆಯಮ್ಮ ಲಕೋಟೆಯಿಂದ ಫೋಟೊ ತೆಗೆದು ಮೇಜಿನ ಮೇಲೆ ಇಟ್ಟರು. ಒಬ್ಬಳು ನದಿ ದಂಡೆಯ ಫೋಟೊ ಎತ್ತಿಕೊಂಡು, "ಈ ಬಾತಿನ ಹೆಸರೇನು?" ಎಂದು ಕೇಳಿದಳು.

ಆಯಮ್ಮ ಹೆಸರು ಹೇಳಿದರು. ಅದು ಯಾರು ಇಟ್ಟದ್ದು ಎಂದು ಆ ಹುಡುಗಿ ಕೇಳಲಿಲ್ಲ. ಮುಂದಿನ ಬಾತಿಗೆ ಬೆರಳಿಟ್ಟಳು.